ಮನೆಯಲ್ಲೇ ಕಟ್ಟಿದ ಸಿಎನ್‌ಸಿ ರೂಟರ್: ಭಾಗಗಳು, ಲೆಕ್ಕ, ಖರ್ಚು

ಕಾಲೇಜಿನ ವಿಜ್ಞಾನ ಪ್ರದರ್ಶನದಲ್ಲಿ ನಾನಿಟ್ಟಿದ್ದ ಮರದ ಜಾಲಿಯ ತುಂಡನ್ನು ನೋಡಿ ಗೆಳೆಯರು ಕೇಳಿದ್ದು ಎರಡೇ ಪ್ರಶ್ನೆ. ಒಂದು, ಈ ಯಂತ್ರವನ್ನು ನಿಜವಾಗಿಯೂ ಮನೆಯಲ್ಲಿ ಕಟ್ಟಬಹುದೇ? ಇನ್ನೊಂದು, ಸಾಮಾನು ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ? ನಿಂತಲ್ಲೇ ಉತ್ತರಿಸಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಭೌತಶಾಸ್ತ್ರ ಮತ್ತು ಗಣಿತವೆಲ್ಲ ನಮ್ಮ ಪಿಯು ಪಠ್ಯದಲ್ಲೇ ಇದೆ. ಯಾರೂ ಹೆದರಬೇಕಾಗಿಲ್ಲ.

ಸಿಎನ್‌ಸಿ ಎಂದರೇನು?

ಸಿಎನ್‌ಸಿ ಎಂದರೆ ಕಂಪ್ಯೂಟರ್ ನ್ಯೂಮರಿಕಲ್ ಕಂಟ್ರೋಲ್. ಅಂಕಿಗಳ ಮೂಲಕ ಕಂಪ್ಯೂಟರ್ ಯಂತ್ರವನ್ನು ನಡೆಸುವುದು ಎಂದರ್ಥ. ಬಡಗಿ ಕೈಯಲ್ಲಿ ಹಿಡಿದು ಓಡಿಸುವ ರೂಟರ್ ಮಷೀನನ್ನೇ ಒಂದು ಚೌಕಟ್ಟಿಗೆ ಬಿಗಿದು, ಅದನ್ನು ಎಡಬಲಕ್ಕೆ, ಹಿಂದೆಮುಂದೆ, ಮೇಲೆಕೆಳಗೆ ಮೋಟಾರುಗಳಿಂದ ಚಲಿಸುವಂತೆ ಮಾಡಿದರೆ ಸಿಎನ್‌ಸಿ ರೂಟರ್ ಆಯಿತು. ಈ ಮೂರು ದಿಕ್ಕುಗಳೇ ನಾವು ಗಣಿತದಲ್ಲಿ ಓದುವ ಎಕ್ಸ್, ವೈ, ಝಡ್ ಅಕ್ಷಗಳು.

ಈ ವಿಚಾರ ಹೊಸದೇನಲ್ಲ. ಅಮೆರಿಕದ ಜಾನ್ ಪಾರ್ಸನ್ಸ್ ಎಂಬವರು ಹೆಲಿಕಾಪ್ಟರ್ ರೆಕ್ಕೆಯ ಆಕಾರವನ್ನು ಅಂಕಿಗಳಿಂದ ಕೊರೆಯುವ ದಾರಿ ಹುಡುಕುತ್ತಿದ್ದರು. ಆ ಕೆಲಸ ಎಂಐಟಿ ಸಂಸ್ಥೆಯಲ್ಲಿ ಮುಂದುವರಿದು, 1952ರಲ್ಲಿ ರಂಧ್ರ ಹೊಡೆದ ಕಾಗದದ ಪಟ್ಟಿಯನ್ನು ಓದಿ ಲೋಹ ಕೊರೆಯುವ ಯಂತ್ರವನ್ನು ಅಲ್ಲಿ ತೋರಿಸಿದರು. ಆಗ ಬಹಳ ಜಾಗ ಹಿಡಿಯುತ್ತಿದ್ದ ನಿಯಂತ್ರಣದ ಕೆಲಸವನ್ನು ಇಂದು ಅಂಗೈಯಲ್ಲಿ ಹಿಡಿಯುವ ಒಂದು ಬೋರ್ಡ್ ಮಾಡುತ್ತದೆ. ಮನೆಯಲ್ಲಿ ಕಟ್ಟಲು ಸಾಧ್ಯವಾಗಿದ್ದು ಇದರಿಂದಲೇ.

ನಮಗೆ ಇದು ಯಾಕೆ ಬೇಕಾಯಿತು?

ನಮ್ಮ ಅಬ್ಬಾ ಬಡಗಿ ಕೆಲಸದವರು. ಬಾಗಿಲು, ಕಿಟಕಿ, ಮಂಚ, ಜೊತೆಗೆ ಮಸೀದಿ ಮತ್ತು ಮನೆಗಳಿಗೆ ಜಾಲಿ ಕೆಲಸ. ಜಾಲಿಯನ್ನು ಕೈಯಲ್ಲಿ ಕೊರೆಯುವುದು ಅವರ ಜೊತೆ ಬಹಳ ವರ್ಷದಿಂದ ಇರುವ ಒಬ್ಬ ಹಿರಿಯರು. ನಾವು ಅವರನ್ನು ಚಾಚಾ ಎನ್ನುತ್ತೇವೆ. ಎರಡು ಅಡಿಯ ಒಂದು ಜಾಲಿಗೆ ಅವರಿಗೆ ಮೂರು ದಿನ ಬೇಕು. ಈಗ ಗಿರಾಕಿಗಳು ಮೊಬೈಲಿನಲ್ಲಿ ಚಿತ್ರ ತೋರಿಸಿ, ನಗರದಲ್ಲಿ ಇದೇ ಜಾಲಿ ಒಂದೇ ದಿನದಲ್ಲಿ ಸಿಗುತ್ತದೆ ಎನ್ನುತ್ತಾರೆ. ಹಾಗೆ ಕಳೆದ ವರ್ಷ ನಾಲ್ಕು ಕೆಲಸ ಕೈತಪ್ಪಿದವು. ಸಿದ್ಧ ಯಂತ್ರದ ಬೆಲೆ ಕೇಳಿದರೆ ಲಕ್ಷದ ಮೇಲೆ. ಅಷ್ಟು ದುಡ್ಡಿಲ್ಲ, ಬಡ್ಡಿ ಸಾಲ ಅಬ್ಬಾ ಒಪ್ಪುವುದಿಲ್ಲ. ಮಾಮು ಒಂದಿಷ್ಟು ಹಣವನ್ನು ಕರ್ಜೆ ಹಸನ್ ಆಗಿ ಕೊಟ್ಟರು, ಉಳಿದದ್ದನ್ನು ಅಬ್ಬಾ ಹಾಕಿದರು. ಒಟ್ಟು 40,000 ರೂಪಾಯಿಯೊಳಗೆ ಮುಗಿಸಬೇಕು ಎಂಬುದು ನಮಗಿದ್ದ ಗೆರೆ.

ಆ ಗೆರೆಯಿಂದಲೇ ಯಂತ್ರದ ಅಳತೆ ನಿರ್ಧಾರವಾಯಿತು. 300 ಮಿಲಿಮೀಟರ್ ಉದ್ದ, 300 ಅಗಲದ ಜಾಗದಲ್ಲಿ ಕೊರೆಯಬಲ್ಲ ಯಂತ್ರ ನಮ್ಮದು. ಮೇಲೆಕೆಳಗೆ 70 ಮಿಲಿಮೀಟರ್. ದೊಡ್ಡ ಜಾಲಿಯನ್ನು ತುಂಡು ತುಂಡಾಗಿ ಕೊರೆದು ಚೌಕಟ್ಟಿನಲ್ಲಿ ಕೂಡಿಸಬಹುದು. ಬಡಗಿಗಳು ಮೊದಲಿನಿಂದಲೂ ಮಾಡುತ್ತಿದ್ದುದು ಹಾಗೆಯೇ.

ಮೊದಲ ಮಾತು ಗಟ್ಟಿತನ

ಹೊಸಬರು ಮೋಟಾರು, ಬೋರ್ಡುಗಳ ಬಗ್ಗೆಯೇ ಹೆಚ್ಚು ಯೋಚಿಸುತ್ತಾರೆ. ಆದರೆ ಯಂತ್ರದ ಗುಣ ನಿಂತಿರುವುದು ಚೌಕಟ್ಟಿನ ಮೇಲೆ. ಬಿಟ್ ಮರವನ್ನು ಕಡಿಯುವಾಗ ಮರವೂ ಬಿಟ್ಟನ್ನು ತಳ್ಳುತ್ತದೆ. ನ್ಯೂಟನ್ನರ ಮೂರನೆಯ ನಿಯಮ. ಆ ತಳ್ಳುವಿಕೆಗೆ ಚೌಕಟ್ಟು ಬಾಗಿದರೆ ಗೆರೆ ಡೊಂಕಾಗುತ್ತದೆ, ಅಂಚು ಸಿಬಿರೇಳುತ್ತದೆ, ಬಿಟ್ ಮುರಿಯುತ್ತದೆ.

ಪ್ರಥಮ ಪಿಯು ಭೌತಶಾಸ್ತ್ರದಲ್ಲಿ ಘನವಸ್ತುಗಳ ಯಾಂತ್ರಿಕ ಗುಣಗಳು ಎಂಬ ಅಧ್ಯಾಯ ಇದೆ. ಎರಡು ತುದಿಗಳಲ್ಲಿ ಆಧಾರವಿರುವ ತೊಲೆಯ ನಡುವೆ ಭಾರವಿಟ್ಟರೆ ಅದು ಎಷ್ಟು ಬಾಗುತ್ತದೆ ಎಂಬ ಸೂತ್ರ ಅಲ್ಲಿದೆ. ಬಾಗುವಿಕೆ ಉದ್ದದ ಘನಕ್ಕೆ ಅನುಪಾತ. ದುಂಡು ಸರಳಾದರೆ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮ ಅನುಪಾತ. ಇದನ್ನು ನಾವು ಕೊಳ್ಳಬೇಕಾಗಿದ್ದ ಸಾಮಾನಿಗೆ ಹಾಕಿ ನೋಡೋಣ.

ಅಗ್ಗದ ಕಿಟ್‌ಗಳಲ್ಲಿ 8 ಮಿಲಿಮೀಟರ್ ವ್ಯಾಸದ ಎರಡು ಉಕ್ಕಿನ ಸರಳುಗಳ ಮೇಲೆ ರೂಟರ್ ಜಾರುತ್ತದೆ. ಸರಳಿನ ಉದ್ದ 500 ಮಿಲಿಮೀಟರ್, ರೂಟರಿನ ಭಾರ ಸುಮಾರು 2 ಕಿಲೊ ಅಂದರೆ 20 ನ್ಯೂಟನ್, ಉಕ್ಕಿನ ಯಂಗ್ ಗುಣಾಂಕ 200 ಗಿಗಾಪಾಸ್ಕಲ್ ಎಂದು ಹಿಡಿದರೆ, ಬರೀ ರೂಟರಿನ ಭಾರಕ್ಕೇ ಸರಳುಗಳು ನಡುವೆ 0.65 ಮಿಲಿಮೀಟರ್ ಜೋತುಬೀಳುತ್ತವೆ. ಇನ್ನೂ ಮರ ಕಡಿಯಲು ಶುರುವೇ ಆಗಿಲ್ಲ! ಅದೇ ಸರಳು 16 ಮಿಲಿಮೀಟರ್ ದಪ್ಪವಿದ್ದರೆ? ವ್ಯಾಸ ಎರಡು ಪಟ್ಟು, ಗಟ್ಟಿತನ ಹದಿನಾರು ಪಟ್ಟು. ಜೋತುಬೀಳುವುದು 0.04 ಮಿಲಿಮೀಟರ್ ಮಾತ್ರ. ಸೂತ್ರಕ್ಕೆ ಅಂಕಿ ಹಾಕಿ ನೀವೇ ಪರೀಕ್ಷಿಸಿ.

ಆದ್ದರಿಂದ ನಾವು ಎಸ್‌ಬಿಆರ್16 ಎಂಬ ಹಳಿಗಳನ್ನು ತೆಗೆದುಕೊಂಡೆವು. ಇದರಲ್ಲಿ 16 ಮಿಲಿಮೀಟರ್ ಉಕ್ಕಿನ ಸರಳಿಗೆ ಉದ್ದಕ್ಕೂ ಕೆಳಗೆ ಅಲ್ಯೂಮಿನಿಯಮ್ ಆಧಾರ ಇರುತ್ತದೆ. ರೈಲು ಹಳಿಯಂತೆ ಪೂರ್ತಿ ಕೂತಿರುವುದರಿಂದ ನಡುವೆ ಬಾಗುವ ಪ್ರಶ್ನೆ ಬಹುತೇಕ ಇಲ್ಲ. ಇದಕ್ಕಿಂತ ನಿಖರವಾದ ಚೌಕ ಹಳಿಗಳೂ ಇವೆ, ಬೆಲೆ ಹೆಚ್ಚು. ಮರದ ಕೆಲಸಕ್ಕೆ ಎಸ್‌ಬಿಆರ್ ಸಾಕು.

ಚೌಕಟ್ಟಿಗೆ ಗಾಡಿ ಕೊರೆದ ಅಲ್ಯೂಮಿನಿಯಮ್ ಪ್ರೊಫೈಲ್ ಬಳಸಿದ್ದೇವೆ. ಗಾಡಿಯೊಳಗೆ ಟೀ ನಟ್ ಜಾರಿಸಿ ಎಲ್ ಕೀಯಿಂದ ಬಿಗಿಯುವುದು. ವೆಲ್ಡಿಂಗ್ ಬೇಡ, ಬೇಕಾದಾಗ ಬಿಚ್ಚಿ ಸರಿಪಡಿಸಬಹುದು. ಇನ್ನೊಂದು ನಿರ್ಧಾರ ಎಂದರೆ, ರೂಟರ್ ಹೊತ್ತ ಕಮಾನು ನಮ್ಮ ಯಂತ್ರದಲ್ಲಿ ಚಲಿಸುವುದಿಲ್ಲ. ಮರ ಕೂತಿರುವ ಮೇಜು ಹಿಂದೆಮುಂದೆ ಹೋಗುತ್ತದೆ. ಹೀಗೆ ಮಾಡಿದರೆ ಯಂತ್ರ ಹೆಚ್ಚು ಜಾಗ ಹಿಡಿಯುತ್ತದೆ, ಆದರೆ ಕಮಾನನ್ನು ತಳಕ್ಕೆ ಗಟ್ಟಿಯಾಗಿ ಬಿಗಿಯಬಹುದು. ಮೋಟಾರುಗಳೂ ಮೂರೇ ಸಾಕು.

ಸ್ಕ್ರೂ ಗೇಜಿನ ದೊಡ್ಡಣ್ಣ

ಪ್ರಯೋಗಾಲಯದ ಸ್ಕ್ರೂ ಗೇಜ್ ನೆನಪಿಸಿಕೊಳ್ಳಿ. ತಲೆಯನ್ನು ಒಂದು ಸುತ್ತು ತಿರುಗಿಸಿದರೆ ಸ್ಕ್ರೂ 1 ಮಿಲಿಮೀಟರ್ ಮುಂದೆ ಹೋಗುತ್ತದೆ. ತಲೆಯ ಮೇಲೆ 100 ಗೆರೆ ಇದ್ದರೆ ಕನಿಷ್ಠ ಅಳತೆ 0.01 ಮಿಲಿಮೀಟರ್. ನಮ್ಮ ಯಂತ್ರವೂ ಇದೇ ತತ್ವ. ಕೈಯ ಬದಲು ಮೋಟಾರು ತಿರುಗಿಸುತ್ತದೆ ಅಷ್ಟೆ.

ಇದಕ್ಕೆ ಬೇಕಾಗುವುದು ಸ್ಟೆಪ್ಪರ್ ಮೋಟಾರು. ಫ್ಯಾನಿನ ಮೋಟಾರಿನಂತೆ ಇದು ಸುಮ್ಮನೆ ಸುತ್ತುವುದಿಲ್ಲ. ಒಂದೊಂದು ವಿದ್ಯುತ್ ಮಿಡಿತಕ್ಕೆ ಒಂದೊಂದು ಹೆಜ್ಜೆ ಇಡುತ್ತದೆ. ಸಾಮಾನ್ಯವಾಗಿ ಒಂದು ಹೆಜ್ಜೆ 1.8 ಡಿಗ್ರಿ, ಅಂದರೆ ಪೂರ್ತಿ ಸುತ್ತಿಗೆ 200 ಹೆಜ್ಜೆ. ಡ್ರೈವರ್ ಎಂಬ ಉಪಕರಣ ಒಂದೊಂದು ಹೆಜ್ಜೆಯನ್ನು ಮತ್ತೆ ಎಂಟು ಭಾಗ ಮಾಡುತ್ತದೆ. ಆಗ ಸುತ್ತಿಗೆ 1,600 ಹೆಜ್ಜೆ.

ಟಿ8 ಎಂಬ 8 ಮಿಲಿಮೀಟರ್ ವ್ಯಾಸದ ಲೀಡ್ ಸ್ಕ್ರೂ ಸುಲಭವಾಗಿ ಸಿಗುತ್ತದೆ. ಒಂದು ಸುತ್ತಿಗೆ 8 ಮಿಲಿಮೀಟರ್ ಮುಂದೆ ಹೋಗುವ ಬಗೆಯನ್ನು ಎಕ್ಸ್ ಮತ್ತು ವೈ ಅಕ್ಷಗಳಿಗೆ ಹಾಕಿದ್ದೇವೆ. 1,600ನ್ನು 8ರಿಂದ ಭಾಗಿಸಿದರೆ ಮಿಲಿಮೀಟರಿಗೆ 200 ಹೆಜ್ಜೆ. ಒಂದು ಹೆಜ್ಜೆ ಎಂದರೆ 0.005 ಮಿಲಿಮೀಟರ್, ಸ್ಕ್ರೂ ಗೇಜಿಗಿಂತ ಸಣ್ಣ ಅಳತೆ. ಆದರೆ ಇದು ಕಾಗದದ ಮೇಲಿನ ಲೆಕ್ಕ. ನಟ್ಟಿನ ಸಡಿಲು, ಚೌಕಟ್ಟಿನ ಬಾಗುವಿಕೆ ಸೇರಿ ಕೊರೆದ ತುಂಡನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದಾಗ ನಮಗೆ ಸಿಗುವ ವ್ಯತ್ಯಾಸ ಸುಮಾರು 0.1 ಮಿಲಿಮೀಟರ್. ಮರಕ್ಕೆ ಅದು ಧಾರಾಳ.

ಝಡ್ ಅಕ್ಷಕ್ಕೆ ಮಾತ್ರ ಸುತ್ತಿಗೆ 2 ಮಿಲಿಮೀಟರ್ ಹೋಗುವ ಟಿ8 ಸ್ಕ್ರೂ ಹಾಕಬೇಕು. 8 ಮಿಲಿಮೀಟರಿನ ಸ್ಕ್ರೂ ಕಡಿದಾಗಿ ಸುತ್ತಿಕೊಂಡಿರುವುದರಿಂದ, ಕರೆಂಟ್ ಹೋದರೆ ರೂಟರಿನ ಭಾರಕ್ಕೆ ತಾನೇ ತಿರುಗಿ ಕೆಳಗೆ ಜಾರುತ್ತದೆ. 2 ಮಿಲಿಮೀಟರಿನದು ಘರ್ಷಣೆಯಿಂದಲೇ ನಿಲ್ಲುತ್ತದೆ. ಇಳಿಜಾರಿನ ಮೇಲಿಟ್ಟ ಪೆಟ್ಟಿಗೆ ಯಾವ ಕೋನದವರೆಗೆ ಜಾರದೆ ನಿಲ್ಲುತ್ತದೆ ಎಂಬ ಲೆಕ್ಕವೇ ಇದು. ಸ್ಕ್ರೂ ಎಂದರೆ ಸುತ್ತಿಟ್ಟ ಇಳಿಜಾರು.

ಪ್ರಯೋಗಾಲಯದಲ್ಲಿ ಬ್ಯಾಕ್‌ಲ್ಯಾಶ್ ದೋಷ ಎಂದು ಓದುತ್ತೇವಲ್ಲ, ದಿಕ್ಕು ಬದಲಿಸಿದಾಗ ಸ್ಕ್ರೂ ತಿರುಗಿದರೂ ಮೊದಲು ನಟ್ಟು ಅಲುಗದೇ ಇರುವುದು? ಅದು ಇಲ್ಲೂ ಇದೆ. ವೃತ್ತ ಕೊರೆದರೆ ಚಪ್ಪಟೆಯಾಗಿ ಬರುತ್ತದೆ. ಸ್ಪ್ರಿಂಗ್ ಇರುವ ಆಂಟಿ ಬ್ಯಾಕ್‌ಲ್ಯಾಶ್ ನಟ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ.

ಮೋಟಾರುಗಳು ನೆಮಾ 23 ಅಳತೆಯವು. ನೆಮಾ 17, ನೆಮಾ 23 ಎಂಬುದು ಶಕ್ತಿಯ ಅಂಕಿಯಲ್ಲ. ಮೋಟಾರಿನ ಮುಖದ ಅಗಲ 1.7 ಇಂಚೋ 2.3 ಇಂಚೋ ಎಂಬುದಷ್ಟೇ. ಶಕ್ತಿಗೆ ಟಾರ್ಕ್ ಎಷ್ಟೆಂದು ಬೇರೆ ಕೇಳಬೇಕು. ನಮ್ಮವು 10 ಕೆಜಿ-ಸೆಂಮೀ.

ಯಂತ್ರದ ಮಿದುಳು

ಮಿದುಳಾಗಿ ಇರುವುದು ಆರ್ಡುಯಿನೊ ಊನೊ ಬೋರ್ಡ್. ಅದರಲ್ಲಿ ಜಿಆರ್‌ಬಿಎಲ್ ಎಂಬ ಉಚಿತ, ಮುಕ್ತ ತಂತ್ರಾಂಶ ತುಂಬಿದ್ದೇವೆ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಇದನ್ನು ಶುರು ಮಾಡಿದರು. ಬಳಿಕ ಬೇರೆಯವರು ಬೆಳೆಸಿದರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಣ ಕೊಡಬೇಕಾಗಿಲ್ಲ. ತಿಳಿದದ್ದನ್ನು ಇತರರಿಗೆ ಹಂಚುವ ಇಂಥವರಿಂದಲೇ ನಮ್ಮಂಥವರ ಕೆಲಸ ಸಾಧ್ಯವಾಗಿದೆ.

ಕೆಲಸದ ಸರಣಿ ಹೀಗೆ. ಮೊದಲು ಇಂಕ್‌ಸ್ಕೇಪ್ ಅಥವಾ ಫ್ರೀಕ್ಯಾಡ್‌ನಲ್ಲಿ ಚಿತ್ರ ಬರೆಯುವುದು. ಇವೂ ಉಚಿತ. ನಂತರ ಬಿಟ್ ಯಾವ ದಾರಿಯಲ್ಲಿ ಹೋಗಬೇಕೆಂದು ಲೆಕ್ಕ ಹಾಕಿ ಜಿ ಕೋಡ್ ತಯಾರಿಸುವುದು. ಆ ಕೋಡನ್ನು ಕಂಪ್ಯೂಟರಿನಿಂದ ಸಾಲು ಸಾಲಾಗಿ ಬೋರ್ಡಿಗೆ ಕಳಿಸುವುದು. ಬೋರ್ಡು ಅದನ್ನು ಮಿಡಿತಗಳಾಗಿ ಡ್ರೈವರ್‌ಗಳಿಗೆ ಕೊಡುತ್ತದೆ, ಡ್ರೈವರ್‌ಗಳು ಮೋಟಾರನ್ನು ತಿರುಗಿಸುತ್ತವೆ.

ಜಿ ಕೋಡ್ ಓದಲು ಕಷ್ಟವಿಲ್ಲ. ಜಿ0 ಎಂದರೆ ಗಾಳಿಯಲ್ಲಿ ಬೇಗ ಹೋಗು. ಜಿ1 ಎಂದರೆ ಕೊರೆಯುತ್ತಾ ನೇರವಾಗಿ ಹೋಗು. ಜಿ2, ಜಿ3 ಎಂದರೆ ಗಡಿಯಾರದ ದಿಕ್ಕಿನಲ್ಲಿ ಮತ್ತು ವಿರುದ್ಧ ದಿಕ್ಕಿನಲ್ಲಿ ಕಮಾನು. "ಜಿ1 ಎಕ್ಸ್50 ವೈ20 ಎಫ್900" ಎಂಬ ಸಾಲಿನ ಅರ್ಥ, ನಿಮಿಷಕ್ಕೆ 900 ಮಿಲಿಮೀಟರ್ ವೇಗದಲ್ಲಿ 50, 20 ಎಂಬ ಬಿಂದುವಿಗೆ ಕೊರೆಯುತ್ತಾ ಹೋಗು. ಕಂಪ್ಯೂಟರಿನಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ.

ಒಂದು ಮಾತು ನೆನಪಿರಲಿ. ಈ ಮೋಟಾರಿಗೆ ಕಣ್ಣಿಲ್ಲ. ಹೆಜ್ಜೆ ಇಡು ಎಂದು ಬೋರ್ಡು ಹೇಳುತ್ತದೆ, ಇಟ್ಟಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಭಾರ ಹೆಚ್ಚಾಗಿ ಮೋಟಾರು ಒಂದಷ್ಟು ಹೆಜ್ಜೆ ತಪ್ಪಿಸಿಕೊಂಡರೆ ಮುಂದಿನ ಕೆಲಸವೆಲ್ಲ ಪಕ್ಕಕ್ಕೆ ಸರಿದುಬಿಡುತ್ತದೆ. ಆದ್ದರಿಂದ ಮೋಟಾರಿನ ಪೂರ್ತಿ ಶಕ್ತಿ ಬಳಸದೆ ಕೈಯಳತೆಯಲ್ಲಿ ಇಡಬೇಕು.

ರೂಟರ್ ಮತ್ತು ಬಿಟ್

ದೊಡ್ಡ ಯಂತ್ರಗಳಲ್ಲಿ ನೀರಿನಿಂದ ತಣಿಸುವ ಸ್ಪಿಂಡಲ್ ಇರುತ್ತದೆ. ನಾವು ಬಡಗಿಗಳು ಅಂಚು ಕೆತ್ತಲು ಬಳಸುವ 6 ಮಿಲಿಮೀಟರ್ ಟ್ರಿಮ್ಮರ್ ಹಾಕಿದ್ದೇವೆ. ಕೊಳ್ಳುವಾಗ ವೇಗ ಬದಲಿಸುವ ಗುಂಡಿ ಇರುವುದನ್ನೇ ಕೊಳ್ಳಿ. ಕಾರಣ ಈ ಲೆಕ್ಕ.

ಬಿಟ್ಟಿನ ಒಂದೊಂದು ಹಲ್ಲು ಪ್ರತಿ ಸುತ್ತಿಗೆ ಒಂದು ತೆಳು ಸಿಪ್ಪೆ ತೆಗೆಯುತ್ತದೆ. ಸಿಪ್ಪೆಯ ದಪ್ಪ ಎಂದರೆ ಮುನ್ನಡೆಯ ವೇಗವನ್ನು ಸುತ್ತುಗಳ ಸಂಖ್ಯೆ ಮತ್ತು ಹಲ್ಲುಗಳ ಸಂಖ್ಯೆಯ ಗುಣಲಬ್ಧದಿಂದ ಭಾಗಿಸಿದ್ದು. ನಿಮಿಷಕ್ಕೆ 12,000 ಸುತ್ತು, ಎರಡು ಹಲ್ಲು, ವೇಗ 900 ಆದರೆ ಸಿಪ್ಪೆ 0.0375 ಮಿಲಿಮೀಟರ್. 3 ಮಿಲಿಮೀಟರ್ ಬಿಟ್ಟಿಗೆ ನಮ್ಮ ಯಂತ್ರದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಗುಂಡಿ ಇಲ್ಲದ ಟ್ರಿಮ್ಮರ್ 30,000 ಸುತ್ತಿನಲ್ಲೇ ಓಡಿದರೆ ಅದೇ ಸಿಪ್ಪೆಗೆ 2,250 ವೇಗ ಬೇಕು. ಸಣ್ಣ ಯಂತ್ರ ಅಷ್ಟು ವೇಗದಲ್ಲಿ ಕೊರೆಯಲಾರದು. ನಿಧಾನ ಮಾಡಿದರೆ ಬಿಟ್ ಕಡಿಯುವ ಬದಲು ಉಜ್ಜುತ್ತದೆ, ಮರ ಸುಟ್ಟು ಕಪ್ಪಾಗುತ್ತದೆ. ಹುಡಿ ಹಿಟ್ಟಿನಂತೆ ಬಂದರೆ ಉಜ್ಜುತ್ತಿದೆ ಎಂದು, ಸಣ್ಣ ಸಿಪ್ಪೆಯಾಗಿ ಬಂದರೆ ಕಡಿಯುತ್ತಿದೆ ಎಂದು ತಿಳಿಯಬಹುದು.

ಆಳವನ್ನೂ ಒಮ್ಮೆಲೇ ಇಳಿಸಬಾರದು. 12 ಮಿಲಿಮೀಟರ್ ಹಲಗೆಯನ್ನು ನಾವು ಸುತ್ತಿಗೆ 1.5ರಂತೆ ಎಂಟು ಸುತ್ತಿನಲ್ಲಿ ಕೊರೆಯುತ್ತೇವೆ. ಬಿಟ್ಟನ್ನು ಎಷ್ಟು ಸಾಧ್ಯವೋ ಅಷ್ಟು ಒಳಗೆ ಕಚ್ಚಿಸಬೇಕು. ಹೊರಚಾಚಿದ ಉದ್ದ ಎರಡು ಪಟ್ಟಾದರೆ ಬಾಗುವಿಕೆ ಎಂಟು ಪಟ್ಟು. ಇಲ್ಲೂ ಅದೇ ಘನದ ನಿಯಮ.

ಸಾಮಾನು ಎಲ್ಲಿ?

ಬೆಂಗಳೂರಿನ ಎಸ್.ಪಿ. ರಸ್ತೆ ಮತ್ತು ಎಸ್.ಜೆ.ಪಿ. ರಸ್ತೆ ಒಂದಕ್ಕೊಂದು ಹತ್ತಿರವೇ ಇವೆ. ಕೆ.ಆರ್. ಮಾರ್ಕೆಟ್ ಕಡೆಯಿಂದ ನಡೆದೇ ಹೋಗಬಹುದು. ಬೋರ್ಡು, ಡ್ರೈವರ್, ಎಸ್‌ಎಂಪಿಎಸ್, ವೈರು, ಸ್ವಿಚ್ಚುಗಳಿಗೆ ಎಸ್.ಪಿ. ರಸ್ತೆ. ಬೇರಿಂಗ್, ಬೋಲ್ಟು, ಪವರ್ ಟೂಲ್‌ಗಳಿಗೆ ಎಸ್.ಜೆ.ಪಿ. ರಸ್ತೆ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ರಜೆ ನೋಡಿಕೊಂಡು ಹೋಗಿ. ಪಟ್ಟಿಯನ್ನು ಮೊದಲೇ ಬರೆದುಕೊಂಡು ಹೋಗಬೇಕು. "ಸಿಎನ್‌ಸಿಗೆ ಮೋಟಾರು ಕೊಡಿ" ಎಂದರೆ ಅಂಗಡಿಯವರು ಏನನ್ನಾದರೂ ಕೊಡಬಹುದು. ಅಳತೆ, ಕರೆಂಟು, ಟಾರ್ಕ್, ಶಾಫ್ಟಿನ ವ್ಯಾಸ ಹೇಳಿ ಕೇಳಿದರೆ ಮಾತಿನ ರೀತಿಯೇ ಬದಲಾಗುತ್ತದೆ.

ಜಾಲಿ ಮೊಹಲ್ಲಾದ ಗುಜರಿಯಲ್ಲಿ ಲೋಹದ ತಟ್ಟೆ, ಪಟ್ಟಿಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ಮೋಟಾರು ಕೂರಿಸುವ ತಟ್ಟೆಗಳಿಗೆ ನಾವು 10 ಮಿಲಿಮೀಟರ್ ಅಲ್ಯೂಮಿನಿಯಮ್ ತಂದದ್ದು ಅಲ್ಲಿಂದಲೇ. ತೂತುಗಳನ್ನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹೊಡೆಸಿದೆವು. ಕಾಗದದ ಮೇಲೆ ಅಳತೆ ಸಹಿತ ಚಿತ್ರ ಕೊಟ್ಟರೆ ಅವರು ಸಂತೋಷದಿಂದ ಮಾಡುತ್ತಾರೆ.

ಹಳಿ, ಸ್ಕ್ರೂ, ಮೋಟಾರು ಆನ್‌ಲೈನಿನಲ್ಲಿ ತರಿಸಿದೆವು. ಇದರಲ್ಲಿ ಎಚ್ಚರ ಬೇಕು. ನಮಗೆ ಬಂದ ಒಂದು ಲೀಡ್ ಸ್ಕ್ರೂ ಬಾಗಿತ್ತು. ಗಾಜಿನ ಮೇಲೆ ಉರುಳಿಸಿದರೆ ನಡುವೆ ಬೆಳಕು ಕಾಣುತ್ತಿತ್ತು. ಪೊಟ್ಟಣ ಬಿಚ್ಚುವಾಗ ವಿಡಿಯೊ ಮಾಡಿದ್ದರಿಂದ ವಾದವಿಲ್ಲದೆ ಬದಲಿ ಬಂತು, ಆದರೆ ಹನ್ನೆರಡು ದಿನ ಹೋಯಿತು. ಉದ್ದನೆಯ ಸಾಮಾನನ್ನೆಲ್ಲ ಹೀಗೆ ಗಾಜಿನ ಮೇಲೆ ಉರುಳಿಸಿ ನೋಡಿ. ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ವಿದೇಶದಿಂದ ತರಿಸುವುದಾದರೆ ಬೆಲೆಯ ಜೊತೆಗೆ ಸುಂಕ, ಸಾಗಣೆ ಎರಡನ್ನೂ ಸೇರಿಸಿ ಹೋಲಿಸಬೇಕು. ಭಾರದ ಸಾಮಾನು ಇಲ್ಲೇ ಕೊಂಡರೆ ಅಗ್ಗ.

ನಮ್ಮ ಖರ್ಚು

ಬೆಲೆ ಊರಿಂದೂರಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ. ನಾವು ಕೊಟ್ಟದ್ದು ಇಷ್ಟು:

ಅಲ್ಯೂಮಿನಿಯಮ್ ಪ್ರೊಫೈಲ್, ತಟ್ಟೆ, ತೂತು ಹೊಡೆಸಿದ ಕೂಲಿ: 10,500 ರೂ.
ಹಳಿಗಳು ಮತ್ತು ಜಾರುವ ಬ್ಲಾಕುಗಳು: 8,700 ರೂ.
ಮೂರು ಲೀಡ್ ಸ್ಕ್ರೂ, ನಟ್, ಬೇರಿಂಗ್, ಕಪ್ಲಿಂಗ್: 3,300 ರೂ.
ಮೂರು ಮೋಟಾರು, ಮೂರು ಟಿಬಿ6600 ಡ್ರೈವರ್: 6,750 ರೂ.
ಬೋರ್ಡು, 24 ವೋಲ್ಟ್ ಎಸ್‌ಎಂಪಿಎಸ್, ವೈರಿಂಗ್, ಸ್ವಿಚ್ಚುಗಳು: 5,100 ರೂ.
ಟ್ರಿಮ್ಮರ್: 3,000 ರೂ.
ಬಿಟ್‌ಗಳು: 1,500 ರೂ.
ಒಟ್ಟು: 38,850 ರೂ.

ನೋಡಿ, ಚೌಕಟ್ಟು ಮತ್ತು ಹಳಿಗಳಿಗೇ ಸುಮಾರು ಅರ್ಧ ಹೋಗಿದೆ. ಹೋಗಬೇಕಾದದ್ದೂ ಹಾಗೆಯೇ. ಬೋರ್ಡನ್ನು ಮುಂದೆ ಬದಲಿಸಬಹುದು, ಚೌಕಟ್ಟನ್ನು ಬದಲಿಸುವುದು ಎಂದರೆ ಹೊಸ ಯಂತ್ರವನ್ನೇ ಕಟ್ಟಿದಂತೆ.

ಜೋಡಣೆ ಮತ್ತು ಪರೀಕ್ಷೆ

ಮೊದಲು ಮೂಲೆಗಳು ಲಂಬವಾಗಿರಬೇಕು. ಬಡಗಿಯ ಮೂಲೆಮಟ್ಟದ ಜೊತೆಗೆ ಪೈಥಾಗೊರಸ್ ಪ್ರಮೇಯವನ್ನೂ ಬಳಸಿ. ಒಂದು ಬದಿಯಲ್ಲಿ 300, ಇನ್ನೊಂದರಲ್ಲಿ 400 ಮಿಲಿಮೀಟರ್ ಗುರುತು ಮಾಡಿದರೆ ಎರಡು ಗುರುತುಗಳ ನಡುವೆ ಸರಿಯಾಗಿ 500 ಬರಬೇಕು. ಅಬ್ಬಾ ಶಾಲೆ ಬಿಟ್ಟದ್ದು ಏಳನೇ ತರಗತಿಗೆ. ಆದರೆ ಈ ಮೂರು-ನಾಲ್ಕು-ಐದರ ಲೆಕ್ಕ ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು.

ಹಳಿಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು. ಒಂದು ಹಳಿಯನ್ನು ಪೂರ್ತಿ ಬಿಗಿದು, ಇನ್ನೊಂದನ್ನು ಸಡಿಲ ಬಿಟ್ಟು, ಮೇಜನ್ನು ಕೈಯಿಂದ ಹಿಂದೆಮುಂದೆ ಜಾರಿಸುತ್ತಾ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಎಲ್ಲೂ ಹಿಡಿಯಬಾರದು.

ನಂತರ ಅಳತೆಯ ಪರೀಕ್ಷೆ. 250 ಮಿಲಿಮೀಟರ್ ಹೋಗು ಎಂದು ಆಜ್ಞೆ ಕೊಟ್ಟು ಉಕ್ಕಿನ ಸ್ಕೇಲಿನಿಂದ ಅಳೆಯಿರಿ. 249 ಬಂತು ಎನ್ನಿ. ಆಗ 200ನ್ನು 250ರಿಂದ ಗುಣಿಸಿ 249ರಿಂದ ಭಾಗಿಸಿದರೆ 200.80. ಜಿಆರ್‌ಬಿಎಲ್‌ನ $100, $101, $102 ಎಂಬ ಜಾಗಗಳಲ್ಲಿ ಮೂರು ಅಕ್ಷಗಳ ಈ ಸಂಖ್ಯೆ ಬರೆಯಬೇಕು. ಅರ್ಧವೋ ಎರಡು ಪಟ್ಟೋ ಬಂದರೆ ಡ್ರೈವರಿನ ಸಣ್ಣ ಸ್ವಿಚ್ಚುಗಳ ಜೋಡಣೆ ನೋಡಿ.

ಮರಕ್ಕೆ ಮೊದಲು ಬಿಟ್ಟಿನ ಜಾಗದಲ್ಲಿ ಪೆನ್ನು ಕಟ್ಟಿ ಕಾಗದದ ಮೇಲೆ ಬರೆಸಿ. ನಾವು ಎರಡು ವಾರ ಪೆನ್ನಿನಲ್ಲೇ ಬರೆಸಿದೆವು. ಪೆನ್ನು ಯಾರನ್ನೂ ಗಾಯಗೊಳಿಸುವುದಿಲ್ಲ.

ಸುರಕ್ಷತೆ

ಇದನ್ನು ಹಗುರವಾಗಿ ಓದಬೇಡಿ. ಟ್ರಿಮ್ಮರ್ 230 ವೋಲ್ಟಿನಲ್ಲಿ ಓಡುತ್ತದೆ. ಮೇನ್ಸ್ ವೈರಿಂಗನ್ನು ನಾವು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿದೆವು. ಅಲ್ಯೂಮಿನಿಯಮ್ ಚೌಕಟ್ಟಿಗೆ ಅರ್ಥಿಂಗ್ ಕಡ್ಡಾಯ. ಕೆಂಪು ತುರ್ತು ಗುಂಡಿ ಒತ್ತಿದರೆ ಟ್ರಿಮ್ಮರ್, ಮೋಟಾರು ಎರಡೂ ನಿಲ್ಲಬೇಕು. ಅದರ ಸರ್ಕ್ಯೂಟ್ ಸದಾ ಮುಚ್ಚಿದ್ದು, ಒತ್ತಿದಾಗ ತೆರೆಯುವಂಥದ್ದಾಗಿರಬೇಕು. ಆಗ ವೈರು ತುಂಡಾದರೂ ಯಂತ್ರ ನಿಲ್ಲುತ್ತದೆ. ಕರೆಂಟ್ ಇರುವಾಗ ಮೋಟಾರಿನ ವೈರು ಕಿತ್ತರೆ ಡ್ರೈವರ್ ಸುಡುತ್ತದೆ.

ತಿರುಗುವ ಬಿಟ್ಟಿನ ಬಳಿ ಕೈಗವಸು, ಸಡಿಲ ತೋಳು, ದುಪಟ್ಟಾ ಬೇಡ. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಬೇಕೇ ಬೇಕು. ಮರದ ಹುಡಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಟ್ಟಿ ಮಾಡಿದೆ. ಎಂಡಿಎಫ್ ಹಲಗೆಯಲ್ಲಿ ಫಾರ್ಮಾಲ್ಡಿಹೈಡ್ ಅಂಟೂ ಇರುತ್ತದೆ. ಈ ವಿಷಯ ಗೊತ್ತಾದ ಮೇಲೆ ನಮ್ಮ ಕಾರ್ಖಾನೆಯಲ್ಲಿ ಯಂತ್ರವಿಲ್ಲದ ಕೆಲಸಕ್ಕೂ ಎಲ್ಲರೂ ಮಾಸ್ಕ್ ಹಾಕುತ್ತಾರೆ. ಯಂತ್ರದಿಂದ ನಮಗೆ ಸಿಕ್ಕ ಮೊದಲ ಲಾಭ ಇದೇ ಎನ್ನಬಹುದು. ಯಂತ್ರ ಓಡುವಾಗ ಬಿಟ್ಟು ಹೋಗಬಾರದು. ಅಜಾನ್ ಆದರೆ ನಿಲ್ಲಿಸಿ ಹೋಗಿ, ಬಂದು ಮುಂದುವರಿಸಿ.

ಯಂತ್ರ ಎಲ್ಲಿಯವರೆಗೆ, ಕೈ ಎಲ್ಲಿಂದ?

ಯಂತ್ರ ಬಂದರೆ ಚಾಚಾನ ಗತಿ ಏನು ಎಂಬ ಪ್ರಶ್ನೆ ಮನೆಯಲ್ಲಿ ಎಲ್ಲರಿಗೂ ಇತ್ತು. ಮೊದಲು ಕೇಳಿದ್ದು ನಮ್ಮ ಅಮ್ಮಿ. ಇದಕ್ಕೆ ಉತ್ತರ ರೇಖಾಗಣಿತದಲ್ಲೇ ಸಿಕ್ಕಿತು.

ಎರಡು ಸಮ ಚೌಕಗಳನ್ನು ಒಂದರ ಮೇಲೊಂದಿಟ್ಟು ಒಂದನ್ನು 45 ಡಿಗ್ರಿ ತಿರುಗಿಸಿದರೆ ಎಂಟು ಮೊನೆಯ ನಕ್ಷತ್ರವಾಗುತ್ತದೆ. ಜಾಲಿ ಕೆಲಸದಲ್ಲಿ ಎಲ್ಲೆಲ್ಲೂ ಕಾಣುವ ಆಕಾರ ಇದು. ಇದನ್ನು ರಂಧ್ರವಾಗಿ ಕೊರೆಯಬೇಕಾದರೆ ಎಂಟು ಮೊನೆಗಳೂ ಒಳಮೂಲೆಗಳು. ಆದರೆ ಬಿಟ್ ದುಂಡು. 3 ಮಿಲಿಮೀಟರ್ ಬಿಟ್ ಯಾವ ಒಳಮೂಲೆಯನ್ನೂ 1.5 ಮಿಲಿಮೀಟರ್ ತ್ರಿಜ್ಯಕ್ಕಿಂತ ಚೂಪಾಗಿ ಮಾಡಲಾರದು. ಮೊನೆ ಮೊಂಡಾಗಿ ಉಳಿಯುತ್ತದೆ. ನಗರದಿಂದ ಬರುವ ಜಾಲಿಗಳನ್ನು ಹತ್ತಿರದಿಂದ ನೋಡಿ, ಮೂಲೆಗಳೆಲ್ಲ ಹಾಗೇ ಇರುತ್ತವೆ.

ಈಗ ನಮ್ಮಲ್ಲಿ ನಡೆಯುವುದು ಹೀಗೆ. ಚಾಚಾ ಕೈವಾರ, ಅಡಿಪಟ್ಟಿ ಹಿಡಿದು ನಕ್ಷೆ ಬರೆಯುತ್ತಾರೆ. ನಾನು ಅದನ್ನು ಕಂಪ್ಯೂಟರಿಗೆ ಹಾಕುತ್ತೇನೆ. ಯಂತ್ರ ರಂಧ್ರಗಳನ್ನು ಕೊರೆಯುತ್ತದೆ. ಮತ್ತೆ ಚಾಚಾ ಉಳಿ ಹಿಡಿದು ಒಂದೊಂದೇ ಮೊನೆಯನ್ನು ಚೂಪು ಮಾಡುತ್ತಾರೆ, ಅಂಚು ಇಳಿಸುತ್ತಾರೆ. ಮೂರು ದಿನದ ಜಾಲಿ ಒಂದೂವರೆ ದಿನಕ್ಕೆ ಬಂದಿದೆ. ಕಣ್ಣಿಗೆ ಆಯಾಸ ಕೊಡುತ್ತಿದ್ದ ಗರಗಸದ ಕೆಲಸ ಹೋಗಿ, ಅವರಿಗಷ್ಟೇ ಬರುವ ಕೆಲಸ ಅವರ ಕೈಯಲ್ಲೇ ಉಳಿದಿದೆ. ಕೂಲಿಯನ್ನು ದಿನದ ಬದಲು ಜಾಲಿಗೆ ಇಷ್ಟೆಂದು ಅಬ್ಬಾ ನಿಗದಿ ಮಾಡಿದ್ದಾರೆ. ಬೇಗ ಮುಗಿದರೆ ಅವರಿಗೆ ನಷ್ಟವಾಗಬಾರದಲ್ಲ! ಇದು ಯಂತ್ರದ ಯಾವ ಕೈಪಿಡಿಯಲ್ಲೂ ಇರುವುದಿಲ್ಲ, ಆದರೆ ಯಂತ್ರ ತರುವವರು ಮೊದಲು ಯೋಚಿಸಬೇಕಾದದ್ದು. ಮಾಮುವಿನ ಹಣದಲ್ಲಿ 6,000 ರೂಪಾಯಿ ಈಗಾಗಲೇ ಹಿಂತಿರುಗಿದೆ. ಉಳಿದದ್ದು ರಮಜಾನ್ ಒಳಗೆ, ಇನ್‌ಶಾ ಅಲ್ಲಾಹ್.

ನೀವು ಆರಂಭಿಸುವುದಾದರೆ

ಒಮ್ಮೆಲೇ 40,000 ರೂಪಾಯಿ ಹಾಕಬೇಡಿ. ಕೆಟ್ಟ ಎರಡು ಡಿವಿಡಿ ಡ್ರೈವ್‌ಗಳನ್ನು ಗುಜರಿಯಿಂದ ತನ್ನಿ. ಅವುಗಳೊಳಗೆ ಸಣ್ಣ ಸ್ಟೆಪ್ಪರ್ ಮೋಟಾರು, ಸ್ಕ್ರೂ, ಹಳಿ ಎಲ್ಲವೂ ಜೋಡಿಸಿಯೇ ಇರುತ್ತದೆ. ಒಂದನ್ನು ಎಕ್ಸ್, ಇನ್ನೊಂದನ್ನು ವೈ ಮಾಡಿ, ಆರ್ಡುಯಿನೊ ಊನೊಗೆ ಸಣ್ಣ ಡ್ರೈವರ್‌ಗಳನ್ನು ಸೇರಿಸಿ, ಪೆನ್ನು ಕಟ್ಟಿದರೆ ಸುಮಾರು 40 ಮಿಲಿಮೀಟರ್ ಚೌಕದಲ್ಲಿ ಚಿತ್ರ ಬರೆಯುವ ಯಂತ್ರವಾಗುತ್ತದೆ. ಮೋಟಾರು ಸಣ್ಣದು, ಡ್ರೈವರಿನ ಕರೆಂಟನ್ನು ಕಡಿಮೆ ಇಡಿ. ಜಿಆರ್‌ಬಿಎಲ್, ಜಿ ಕೋಡ್, ಹೆಜ್ಜೆಯ ಲೆಕ್ಕ ಎಲ್ಲವೂ ದೊಡ್ಡ ಯಂತ್ರದಂತೆಯೇ. ತಪ್ಪಿದರೆ ಹೋಗುವುದು ಒಂದು ಹಾಳೆ ಕಾಗದ ಮಾತ್ರ.

ಕೆಲಸ ಶುರು ಮಾಡುವ ಮೊದಲು ಸ್ಕ್ರೂ ಗೇಜಿನ ಪ್ರಯೋಗವನ್ನೂ ತೊಲೆ ಬಾಗುವ ಸೂತ್ರವನ್ನೂ ಇನ್ನೊಮ್ಮೆ ಓದಿಕೊಳ್ಳಿ. ಪರೀಕ್ಷೆಯಲ್ಲಿ ಅವು ಕೆಲವೇ ಅಂಕದ ಪ್ರಶ್ನೆ. ಸಾಮಾನು ಕೊಳ್ಳುವಾಗ ನಿಮ್ಮ ಮನೆಯವರ ಸಾವಿರಾರು ರೂಪಾಯಿ ಉಳಿಸುವುದು ಅವೇ.